ಟಕ್ಕೆಂದು ನಿಂತ ಯಂತ್ರ

ಗುಂಡಿಯೊತ್ತಿದೊಡನೆ ಎಚ್ಚರಗೊಳ್ಳಬೇಕಾದ ಎಂಜಿನು ಎಚ್ಚರಗೊಳ್ಳದೆ ಹೋದಾಗ ಅದು ಕೊಡುವ ಉತ್ತರಗಳು ಬಹಳವೇನೂ ಇಲ್ಲ. ಒಮ್ಮೆ ಸಂಪೂರ್ಣ ಮೌನ. ಒಮ್ಮೆ ಸೀಟಿನ ಕೆಳಗೆಲ್ಲೋ ಒಂದೇ ಒಂದು ‘ಟಕ್’. ಒಮ್ಮೆ ಬಿಡದೆ ಬಡಿದುಕೊಳ್ಳುವ ‘ಟಕಟಕಟಕ’. ಒಮ್ಮೆ ಭಾರವನ್ನೆಳೆಯಲಾರದೆ ನರಳುವ ಮಂದಧ್ವನಿ. ಒಮ್ಮೆ ಎಂಜಿನ್ನನ್ನು ತಿರುಗಿಸದೆ ಮೋಟರು ತಾನೊಂದೇ ‘ಝುಯ್’ ಎಂದು ಸುತ್ತುವ ಪೊಳ್ಳು ವೇಗ. ಅಪರೂಪಕ್ಕೆ, ಅರೆಸುತ್ತು ಬಂದು ‘ಧಡ್’ ಎಂದು ನಿಂತುಬಿಡುವ ಒಂದು ಆಘಾತ. ಇವನ್ನು ಬೇರೆ ಬೇರೆಯಾಗಿ ಕೇಳಿಸಿಕೊಳ್ಳಬಲ್ಲ ಕಿವಿಯಿದ್ದವನಿಗೆ, ಸ್ಪ್ಯಾನರು ಕೈಗೆ ಬರುವ ಮೊದಲೇ ದೋಷನಿದಾನದ ಅರ್ಧಭಾಗ ಮುಗಿದಿರುತ್ತದೆಂದು ನಾನು ದೃಢವಾಗಿ ನಂಬಿದ್ದೇನೆ. ಹಾಗಿದ್ದೂ, ನಾನು ಕಂಡವರಲ್ಲಿ ಹೆಚ್ಚಿನವರು ಆ ಧ್ವನಿಗೆ ಕಿವಿಗೊಡುವ ವ್ಯವಧಾನವನ್ನೇ ತೋರದೆ, ಗುಂಡಿಯನ್ನು ಮೇಲಿಂದ ಮೇಲೆ ಒತ್ತಿ, ಬ್ಯಾಟರಿಯಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಶಕ್ತಿಯನ್ನೂ ವ್ಯಯಮಾಡಿ, ಆಮೇಲೆ ಎಲ್ಲಕ್ಕಿಂತ ಬೆಲೆಬಾಳುವ ಭಾಗವನ್ನೇ ಮೊದಲು ಕೊಂಡು ತರುತ್ತಾರೆ.

ನಾನು ಹೇಳುತ್ತಿರುವುದು ಆಸ್ಟ್ರೇಲಿಯದ ಹೊಲಮನೆಗಳಲ್ಲಿ ಎಲ್ಲೆಲ್ಲಿಯೂ ಕಾಣುವ ಕ್ವಾಡ್ ಬೈಕನ್ನು ಕುರಿತು. ಅಗಲವಾದ, ಗಾಳಿ ಕಡಮೆ ತುಂಬಿದ ನಾಲ್ಕು ಟಯರುಗಳ ಮೇಲೆ ಕುಳಿತ, ಮೋಟಾರು ಸೈಕಲ್ಲಿನಂತೆ ಹ್ಯಾಂಡಲ್ಲೂ ಕುದುರೆಯ ಜೀನಿನಂಥ ಸೀಟೂ ಉಳ್ಳ ಆ ಸಣ್ಣ ವಾಹನವನ್ನು. ಪರ್ತ್, ಬ್ರಿಸ್ಬೇನ್, ಅಡಿಲೇಡ್ ನಗರಗಳಿಗೆ ಉದ್ಯೋಗನಿಮಿತ್ತ ಬಂದು ನೆಲೆಸಿದ ನಮ್ಮ ಜನರಲ್ಲಿ ಬಹುಪಾಲಿನವರು ಊರೊಳಗಿನ ಮನೆಗಳಲ್ಲಿಯೇ ಇರುವರಾದರೂ, ಮಲೆನಾಡಿನ ತೋಟದ ಮನೆಯಲ್ಲಿಯೋ ಮಂಡ್ಯದ ಗದ್ದೆಯ ಬದುವಿನಲ್ಲಿಯೋ ಬೆಳೆದ ಕೆಲವರಿಗೆ ಅಷ್ಟರಿಂದ ತೃಪ್ತಿಯಾಗುವುದಿಲ್ಲ. ಅಂಥವರು ನಗರದಂಚಿನಾಚೆ ಒಂದೆರಡು ಹೆಕ್ಟೇರು ನೆಲವನ್ನು ಕೊಂಡು, ನಿಂಬೆಯನ್ನೋ ಮಾವನ್ನೋ ಕರಿಬೇವನ್ನೋ ಹಾಕಿ, ಶನಿವಾರ ಭಾನುವಾರಗಳಂದು ಮಣ್ಣನ್ನು ಮುಟ್ಟುತ್ತಾರೆ. ಗೊಬ್ಬರದ ಮೂಟೆ, ನೀರಿನ ಪೈಪು, ಕತ್ತರಿಸಿದ ಕೊಂಬೆ, ಬೇಲಿಯ ತಂತಿ ಇವುಗಳನ್ನು ಹೊರಲು ಆಳು ಸಿಕ್ಕದ ದೇಶದಲ್ಲಿ, ಸಿಕ್ಕಿದರೂ ಗಂಟೆಯ ಕೂಲಿ ಕೈಗೆ ನಿಲುಕದ ದೇಶದಲ್ಲಿ, ಹಳೆಯ ಕ್ವಾಡ್ ಬೈಕೊಂದೇ ಅವರಿಗೆ ಆಳೂ ಎತ್ತೂ ಗಾಡಿಯೂ ಆಗುತ್ತದೆ. ಅದು ಸ್ಟಾರ್ಟಾಗದ ದಿನ ವಾರವೆಲ್ಲ ಕಾದಿಟ್ಟ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ನಮ್ಮ ಊರುಗಳಲ್ಲಿ ಗಾಡಿ ನಿಂತರೆ ತಳ್ಳುವವರಿಗೆ ಕೊರತೆಯಿರಲಿಲ್ಲ. ನಾಲ್ಕು ಜನ ಕೈಹಚ್ಚಿ ಇಳಿಜಾರಿಗೆ ತಂದು, ಗೇರು ಹಾಕಿ ಕ್ಲಚ್ಚು ಬಿಟ್ಟರೆ ಮುಗಿಯಿತು. ಮೈಸೂರಿನ ಕಾರ್ಖಾನೆಯಿಂದ ಹೊರಬಂದ ಜಾವಾ ಮೋಟಾರು ಸೈಕಲ್ಲಿಗಂತೂ ಗೇರು ಹಾಕುವ ಲಿವರೇ ಮಡಿಸಿ ಮೇಲೆತ್ತಿದೊಡನೆ ಕಿಕ್ಕರ್ ಆಗುತ್ತಿತ್ತು. ಕಾಲಿನಲ್ಲಿ ಬಲವಿದ್ದವನು ಬ್ಯಾಟರಿಯ ಯೋಗಕ್ಷೇಮವನ್ನು ವಿಚಾರಿಸುತ್ತಲೇ ಇರಲಿಲ್ಲ. ಈ ವಾಹನದ ಸಂಗತಿ ಹಾಗಲ್ಲ. 1970ರಲ್ಲಿ ಹೋಂಡಾದವರು ಹೊರತಂದ ಮೂರು ಚಕ್ರದ ಪೂರ್ವಜಕ್ಕೆ ಹಗ್ಗವೆಳೆದು ಚಾಲೂ ಮಾಡುವ ವ್ಯವಸ್ಥೆಯಿತ್ತು. 1982ರಲ್ಲಿ ಸುಜುಕಿಯವರು ನಾಲ್ಕನೆಯ ಚಕ್ರವನ್ನು ಕೂಡಿಸಿದರು. ಮುಂದೆ ಸೌಕರ್ಯ ಹೆಚ್ಚಿದಂತೆಲ್ಲ ಗುಂಡಿ ಬಂದಿತು, ಹೊಸ ಗಾಡಿಗಳಲ್ಲಿ ಅನೇಕಕ್ಕೆ ಹಗ್ಗವೂ ಹೋಯಿತು. ಬೆಲ್ಟಿನ ಮೂಲಕವೋ ವೇಗದಿಂದ ತಾನಾಗಿಯೇ ಹಿಡಿದುಕೊಳ್ಳುವ ಕ್ಲಚ್ಚಿನ ಮೂಲಕವೋ ಓಡುವ ಇಂಥ ಗಾಡಿಯನ್ನು ಎಷ್ಟು ದೂರ ತಳ್ಳಿದರೂ ಚಕ್ರದ ತಿರುಗಾಟ ಎಂಜಿನ್ನಿಗೆ ತಲುಪುವುದೇ ಇಲ್ಲ. 1912ರ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರನ್ನು ಅಳವಡಿಸಿ, ಹ್ಯಾಂಡಲ್ ತಿರುಗಿಸುವಾಗ ಮಣಿಕಟ್ಟು ಮುರಿದುಕೊಳ್ಳುವ ಸಂಕಟದಿಂದ ಮನುಷ್ಯರನ್ನು ಪಾರುಮಾಡಿದ ಚಾರ್ಲ್ಸ್ ಕೆಟರಿಂಗನ ಉಪಕಾರ ದೊಡ್ಡದೇ ಸರಿ. ಆದರೆ ಅಂದಿನಿಂದ ಎಂಜಿನ್ನಿನ ಜೀವವು ಒಂದು ಬ್ಯಾಟರಿ, ಒಂದೆರಡು ದಪ್ಪ ತಂತಿ, ಕೆಲವು ಸ್ವಿಚ್ಚು, ಒಂದು ಸಣ್ಣ ಮೋಟರು ಇವುಗಳ ಸಾಲಿಗೆ ಕಟ್ಟುಬಿದ್ದಿತು. ಆ ಸಾಲಿನಲ್ಲಿ ಎಲ್ಲಿ ಕೊಂಡಿ ಕಳಚಿದೆಯೆಂದು ಹುಡುಕುವುದೇ ನಮ್ಮ ಕೆಲಸ.

ಹುಡುಕುವುದಕ್ಕೆ ಒಂದು ಕ್ರಮವುಂಟು. ವಿದ್ಯುತ್ತು ಯಾವ ದಾರಿಯಲ್ಲಿ ಹರಿಯುವುದೋ ಅದೇ ದಾರಿಯಲ್ಲಿ ಅನುಮಾನವೂ ನಡೆಯತಕ್ಕದ್ದು. ದಾರಿಗಳು ಎರಡು: ಒಂದು ತೆಳ್ಳಗಿನ ತಂತಿಗಳ ದಾರಿ, ಕೀಲಿಯಿಂದ ಹೊರಟು, ಎಂಜಿನ್ ನಿಲ್ಲಿಸುವ ಕೆಂಪು ಸ್ವಿಚ್ಚನ್ನು ಹಾದು, ಬ್ರೇಕಿನ ಅಥವಾ ನ್ಯೂಟ್ರಲಿನ ಸ್ವಿಚ್ಚಿನ ಅಪ್ಪಣೆ ಪಡೆದು, ಗುಂಡಿಗೆ ಬಂದು, ಅಲ್ಲಿಂದ ರಿಲೇ ಎಂಬ ಪುಟ್ಟ ಪೆಟ್ಟಿಗೆಯೊಳಗಿನ ಸುರುಳಿಗೆ ಸೇರುತ್ತದೆ. ಇನ್ನೊಂದು ದಪ್ಪ ತಂತಿಗಳ ದಾರಿ. ಬ್ಯಾಟರಿಯ ಧನಧ್ರುವದಿಂದ ರಿಲೇಯ ತಾಮ್ರದ ತುದಿಗಳ ಮೂಲಕ ಸ್ಟಾರ್ಟರ್ ಮೋಟರಿಗೆ ಹೋಗಿ, ಎಂಜಿನ್ನಿನ ಲೋಹದ ಮೈಯಿಂದ ಅರ್ತ್ ತಂತಿಯ ಮೂಲಕ ಋಣಧ್ರುವಕ್ಕೆ ಹಿಂದಿರುಗುತ್ತದೆ. ಮೊದಲನೆಯದು ಅಪ್ಪಣೆಯ ದಾರಿ, ಎರಡನೆಯದು ಬಲದ ದಾರಿ. ‘ಟಕ್’ ಎಂಬ ಸದ್ದು ಕೇಳಿಸಿತೆಂದರೆ ರಿಲೇ ಎಳೆದುಕೊಂಡಿತೆಂದು ಅರ್ಥ. ಅಂದಮೇಲೆ ಅಪ್ಪಣೆಯ ದಾರಿಯೆಲ್ಲ ನಿರ್ದೋಷ, ದೋಷವಿರುವುದು ಬಲದ ದಾರಿಯಲ್ಲಿ. ಸದ್ದೇ ಇಲ್ಲದಿದ್ದರೆ ಮೊದಲು ಬ್ಯಾಟರಿಯನ್ನೂ ಫ್ಯೂಜನ್ನೂ ನೋಡಿ, ಅವು ಸರಿಯಿದ್ದರೆ ಅಪ್ಪಣೆಯ ದಾರಿಯನ್ನೇ ಹಿಡಿದು ನಡೆಯಬೇಕು. ಕಿವಿಯ ಒಂದು ಕ್ಷಣದ ಸಾಕ್ಷ್ಯವು ಕೆಲಸದ ಅರ್ಧವನ್ನು ಹೀಗೆ ಉಳಿಸಿಕೊಡುತ್ತದೆ.

ನಾನು ಅಡಿಲೇಡಿನಲ್ಲಿರುವವನು. ನನ್ನ ಸೋದರಳಿಯನು ಪರ್ತಿನ ಉತ್ತರಕ್ಕೆ, ಕಿತ್ತಳೆ ತೋಟಗಳಿಗೆ ಹೆಸರಾದ ಚಿಟರಿಂಗ್ ಕಣಿವೆಯಲ್ಲಿ, ನೆಲ ಮಾಡಿಕೊಂಡಿದ್ದಾನೆ. ಎರಡೂರುಗಳ ನಡುವೆ ರಸ್ತೆಯಲ್ಲಿ ಸುಮಾರು 2,700 ಕಿಲೋಮೀಟರ್. ಗಡಿಯಾರದಲ್ಲಿಯೂ ಅವನ ಊರು ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ, ಬೇಸಗೆಯಲ್ಲಾದರೆ ಎರಡೂವರೆ. ಹೀಗಾಗಿ ನಾನು ತಿಂಡಿ ಮುಗಿಸಿ ಎರಡನೆಯ ಕಾಫಿಗೆ ಕುಳಿತ ಹೊತ್ತಿಗೆ ಅವನ ಬೆಳಗು ಆಗತಾನೆ ಆರಂಭವಾಗಿರುತ್ತದೆ. ಅಂಥ ಒಂದು ಶನಿವಾರ ಫೋನು ಬಂದಿತು.

“ಮಾವ, ಗಾಡಿ ಸ್ಟಾರ್ಟೇ ಆಗ್ತಿಲ್ಲ. ಸೆಲ್ಫ್ ಮೋಟರು ಹೋಗಿದೆ ಅನ್ಸುತ್ತೆ. ಹೊಸದು ತರಿಸಿಬಿಡ್ಲಾ?”

“ತಡಿಯೋ. ಗುಂಡಿ ಒತ್ತಿದಾಗ ಏನು ಸದ್ದು ಬರುತ್ತೆ?”

“ಏನೋ ಟಕ್ ಅನ್ನುತ್ತೆ, ಅಷ್ಟೇ.”

“ಒಂದು ಸಲವೋ, ಬಿಡದೇ ಹೊಡ್ಕೊಳ್ಳುತ್ತೋ? ಫೋನನ್ನ ಸೀಟಿನ ಹತ್ರ ಹಿಡಿ, ಕೇಳೋಣ.”

ಕೇಳಿಸಿತು. ಒಂದೇ ‘ಟಕ್’, ಗಟ್ಟಿಯಾದದ್ದು, ಸ್ಪಷ್ಟವಾದದ್ದು. ಬ್ಯಾಟರಿ ಇಳಿದುಹೋಗಿದ್ದರೆ ಸದ್ದು ಹಾಗಿರುತ್ತಿರಲಿಲ್ಲ. ಇಳಿದ ಬ್ಯಾಟರಿಯಲ್ಲಿ ರಿಲೇಯನ್ನು ಎಳೆಯುವಷ್ಟು ಬಲ ಹೇಗೋ ಇರುತ್ತದೆ. ಎಳೆದೊಡನೆ ಮೋಟರು ತನ್ನ ಪಾಲಿನ ಪ್ರವಾಹವನ್ನು ಬೇಡಿ ವೋಲ್ಟೇಜನ್ನು ನೆಲಕ್ಕಿಳಿಸುತ್ತದೆ. ವೋಲ್ಟೇಜು ಬಿದ್ದೊಡನೆ ರಿಲೇಯ ಹಿಡಿತ ಸಡಿಲಿ ಸಂಪರ್ಕ ಬಿಟ್ಟುಹೋಗುತ್ತದೆ. ಬಿಟ್ಟೊಡನೆ ಬ್ಯಾಟರಿ ಚೇತರಿಸಿಕೊಂಡು ರಿಲೇಯನ್ನು ಮತ್ತೆ ಎಳೆಯುತ್ತದೆ. ಒಂದು ಸೆಕೆಂಡಿನಲ್ಲಿ ಹಲವು ಬಾರಿ ನಡೆಯುವ ಈ ಹಿಡಿತ ಬಿಡುಗಡೆಗಳ ಪರಂಪರೆಯೇ ‘ಟಕಟಕಟಕ’. ಅಳಿಯನ ಗಾಡಿಯಲ್ಲಿ ಅದಿರಲಿಲ್ಲ. ಮೀಟರಿಟ್ಟು ನೋಡೆಂದೆ; ಬ್ಯಾಟರಿ 12.6 ವೋಲ್ಟ್ ತೋರಿಸಿತು, ಅಂದರೆ ತುಂಬಿದ ಕೊಡ. ಗುಂಡಿಯೊತ್ತಿದಾಗಲೂ ಅದು ಹೆಚ್ಚೇನೂ ಇಳಿಯಲಿಲ್ಲ. ಬ್ಯಾಟರಿ ಗಟ್ಟಿಯಾಗಿದ್ದು, ಅಪ್ಪಣೆ ತಲುಪಿದ್ದು, ಬಲ ಮಾತ್ರ ಮೋಟರಿಗೆ ಹೋಗುತ್ತಿಲ್ಲವೆಂದರೆ ದಾರಿಯಲ್ಲಿ ಯಾರೋ ತಡೆಯುತ್ತಿರಬೇಕು.

ಇಲ್ಲಿ ನನಗೆ ಬಹು ಪ್ರಿಯವಾದ ಒಂದು ಪರೀಕ್ಷೆಯಿದೆ. ಅದನ್ನು ಮಾಡುವವರು ಕಡಮೆಯೆಂಬುದೇ ನನಗೆ ವ್ಯಥೆ. ಜನರು ಮೀಟರಿನ ಒಂದು ಕಡ್ಡಿಯನ್ನು ಧನಕ್ಕೂ ಇನ್ನೊಂದನ್ನು ಋಣಕ್ಕೂ ಇಟ್ಟು ಹನ್ನೆರಡು ಬಂದರೆ ಸಂತುಷ್ಟರಾಗಿಬಿಡುತ್ತಾರೆ. ಅದು ಸಾಲದು. ಒಂದು ಕಡ್ಡಿಯನ್ನು ಬ್ಯಾಟರಿಯ ಋಣಧ್ರುವಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ತಾಗಿಸಿ, ಆಮೇಲೆ ಗುಂಡಿಯನ್ನೊತ್ತಿ ನೋಡಬೇಕು. ಎರಡೂ ಒಂದೇ ದಪ್ಪ ತಂತಿಯ ಎರಡು ತುದಿಗಳಾದುದರಿಂದ ಅವುಗಳ ನಡುವೆ ಏನೂ ತೋರಬಾರದು. ತೋರಿದರೂ ಒಂದು ವೋಲ್ಟಿನ ನಾಲ್ಕನೆಯ ಒಂದು ಪಾಲನ್ನು ಮೀರಬಾರದು. ಅಳಿಯನು ಓದಿದ ಅಂಕಿ ಐದಕ್ಕೆ ಹತ್ತಿರವಾಗಿತ್ತು. ಲೆಕ್ಕ ಹಾಕಿ ನೋಡಿದರೆ ಆಶ್ಚರ್ಯವೇನಿಲ್ಲ: ಓಮನು 1827ರಲ್ಲಿ ಪ್ರಕಟಿಸಿದ ನಿಯಮದಂತೆ, ಒಂದು ಓಮಿನ ಇಪ್ಪತ್ತರಲ್ಲೊಂದು ಪಾಲಿನಷ್ಟು ಅಡ್ಡಿಯ ಮೂಲಕ 60 ಆಂಪಿಯರ್ ಹರಿಯಬೇಕಾದರೆ 3 ವೋಲ್ಟ್ ಅಲ್ಲಿಯೇ ಕರಗಿಹೋಗುತ್ತದೆ. ದೀಪ ಹತ್ತಿಸುವ ಸಣ್ಣ ಪ್ರವಾಹಕ್ಕೆ ಆ ಅಡ್ಡಿ ಲೆಕ್ಕಕ್ಕೇ ಬಾರದು. ಆದುದರಿಂದಲೇ ಹೆಡ್‌ಲೈಟು ಪ್ರಕಾಶಮಾನವಾಗಿ ಉರಿಯುತ್ತಿದ್ದರೂ ಮೋಟರು ಕದಲುವುದಿಲ್ಲ. “ದೀಪ ಚೆನ್ನಾಗಿಯೇ ಹತ್ತುತ್ತದಲ್ಲ, ಬ್ಯಾಟರಿ ತಂತಿಯಲ್ಲಿ ದೋಷ ಹೇಗೆ ಬಂದೀತು?” ಎಂದು ಕೇಳುವವರಿಗೆ ಉತ್ತರ ಇದೇ.

ಹೊಸ ತಂತಿಯನ್ನು ಕೊಳ್ಳುವ ಮೊದಲು ಪ್ರಮಾಣ ಬೇಕಷ್ಟೆ. ಕಾರಿನ ಜಂಪರ್ ಕೇಬಲ್ಲೊಂದನ್ನು ಋಣಧ್ರುವದಿಂದ ನೇರವಾಗಿ ಎಂಜಿನ್ನಿನ ಮೈಗೆ ಕಚ್ಚಿಸಿ ಗುಂಡಿಯೊತ್ತೆಂದೆ. ಒತ್ತಿದ, 2,700 ಕಿಲೋಮೀಟರು ದೂರದಿಂದ ಎಂಜಿನು ಗುಡುಗಿದ್ದು ನನ್ನ ಕಿವಿಗೆ ಬಿತ್ತು. ಆಮೇಲೆ ಅವನು ಹಳೆಯ ಅರ್ತ್ ತಂತಿಯನ್ನು ಬಿಚ್ಚಿ, ಕಪ್ಪು ಹೊದಿಕೆಯನ್ನು ಚಾಕುವಿನಿಂದ ಸೀಳಿ, ಅದರ ಚಿತ್ರವನ್ನು ಕಳುಹಿಸಿದ. ಹೊರಗೆ ಹೊದಿಕೆ ಹೊಸದರಂತೆ ನುಣುಪಾಗಿದ್ದಿತು. ಒಳಗೆ ಎಂಜಿನ್ ಬದಿಯ ತುದಿಯ ಬಳಿ ತಾಮ್ರದ ಎಳೆಗಳೆಲ್ಲ ಹಸುರು ಪುಡಿಯಾಗಿ, ಐದಾರು ಎಳೆಗಳು ಮಾತ್ರ ಹೇಗೋ ಹಿಡಿದುಕೊಂಡಿದ್ದವು. ಗಾಡಿಯ ಕ್ಯಾರಿಯರಿನ ಮೇಲೆ ಅವನು ಅಮೋನಿಯಂ ಗೊಬ್ಬರದ ಮೂಟೆಗಳನ್ನು ಹೊರಿಸುತ್ತಿದ್ದುದೂ, ಸೋರಿದ ಹರಳುಗಳು ಕೆಳಗೆ ಬಿದ್ದು ತೇವದಲ್ಲಿ ಕರಗುತ್ತಿದ್ದುದೂ ಆಗ ತಿಳಿಯಿತು. ತಾಮ್ರಕ್ಕೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಜೊತೆಗೆ ಪರ್ತ್ ಸುತ್ತಣ ಮರಳು. ಲ್ಯಾನ್ಸೆಲಿನ್ನಿನ ಬಿಳಿಯ ದಿಬ್ಬಗಳಲ್ಲಿ, 1978ರ ಕಾಯಿದೆಯಂತೆ ಇಂಥ ವಾಹನಗಳಿಗೆಂದೇ ಗುರುತಿಸಿಟ್ಟ ಪ್ರದೇಶದಲ್ಲಿ, ಓಡಿ ಬಂದ ಗಾಡಿಯ ಸಂದುಗೊಂದುಗಳಲ್ಲಿ ಆ ನುಣ್ಣನೆಯ ಮರಳು ಸೇರಿಕೊಂಡಿತೆಂದರೆ ಸ್ವಿಚ್ಚನ್ನೂ ಬಿಡದು, ಮೋಟರನ್ನೂ ಬಿಡದು.

ಡಿಜಿಟಲ್ ಮೀಟರನ್ನು ಕುರಿತು ಒಂದು ಮಾತು. ಅದು ಸೂಕ್ಷ್ಮವಾದ ಉಪಕರಣವಾದುದರಿಂದಲೇ ಕೆಲವೊಮ್ಮೆ ಮೋಸಮಾಡುತ್ತದೆ. ಒಂದೇ ಎಳೆ ಉಳಿದ ತಂತಿಯಲ್ಲಿಯೂ ಪೂರ್ತಿ ಹನ್ನೆರಡನ್ನು ತೋರಿಸಿಬಿಡುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಗಲ್ಲಿಗಳಲ್ಲಿ ಎಲೆಕ್ಟ್ರಿಷಿಯನ್ನರು ಹಿಂದೆ ಇಟ್ಟುಕೊಳ್ಳುತ್ತಿದ್ದ ಆಯುಧ, ಹೋಲ್ಡರಿಗೆ ಎರಡು ತಂತಿ ಬೆಸೆದ ಒಂದು ಹನ್ನೆರಡು ವೋಲ್ಟಿನ ಬಲ್ಬು. ಬಲ್ಬು ತನ್ನ ಪಾಲಿನ ಪ್ರವಾಹವನ್ನು ಬೇಡುತ್ತದೆ. ತಂತಿಗೆ ಕೊಡಲು ಶಕ್ತಿಯಿಲ್ಲದಿದ್ದರೆ ಮಂಕಾಗಿ ಸತ್ಯ ಹೇಳುತ್ತದೆ. ಅಪ್ಪಣೆಯ ದಾರಿಯನ್ನು ಪರೀಕ್ಷಿಸುವುದಕ್ಕೆ ಅದಕ್ಕಿಂತ ನಂಬಿಕಸ್ಥ ಸಾಧನವನ್ನು ನಾನು ಕಾಣೆ.

ಆ ಬಲ್ಬಿನ ಪ್ರಯೋಜನ ಬ್ರಿಸ್ಬೇನಿನಲ್ಲಿ ಆಯಿತು. ಅಲ್ಲಿ ಸ್ಯಾಮ್‌ಫರ್ಡ್ ಕಣಿವೆಯಲ್ಲಿ ನನ್ನ ದೊಡ್ಡಪ್ಪನ ಮಗನ ಮನೆಯಿದೆ. ತೋಟದ ಸಮಸ್ತ ಕಾರುಬಾರೂ ಅತ್ತಿಗೆಯವರದು. ಅವರು ಸಾಗರದ ಕಡೆಯವರು, ಅಡಿಕೆ ತೋಟದ ನಡುವೆ ಬೆಳೆದವರು, ಬಾಳೆಯನ್ನೂ ಅರಿಶಿನವನ್ನೂ ಕ್ವೀನ್ಸ್‌ಲೆಂಡಿನ ಕೆಂಪು ಮಣ್ಣಿನಲ್ಲಿ ಊರಿನಂತೆಯೇ ಎಬ್ಬಿಸಿದವರು. ಅಲ್ಲಿಯ ಹವೆಯೂ ಊರಿನ ಹವೆಯೇ. ಬೇಸಗೆಯ ಮಳೆ, ಬೂಷ್ಟು, ಹಾವಸೆ, ಗೋಡೆಯ ಮೇಲೆ ಲೊಚಗುಟ್ಟುವ ಹಲ್ಲಿ. ಏಷ್ಯದಿಂದ ಹಡಗುಗಳಲ್ಲಿ ಬಂದು ಬ್ರಿಸ್ಬೇನನ್ನು ತುಂಬಿದ ಆ ಹಲ್ಲಿ ನಮ್ಮ ಮನೆಗಳ ಹಲ್ಲಿಯ ಜಾತಿಯದೇ ಆದುದರಿಂದ, ಮಾತಿನ ನಡುವೆ ಅದು ಲೊಚಗುಟ್ಟಿದರೆ ಅತ್ತಿಗೆ ಈಗಲೂ ನೆಲವನ್ನು ಬೆರಳಿನಿಂದ ತಟ್ಟಿ “ಸತ್ಯ” ಎನ್ನುತ್ತಾರೆ.

ನಾನು ಅಲ್ಲಿಗೆ ಹೋಗಿದ್ದಾಗ ಅವರ ಸಣ್ಣ ಗಾಡಿ ಸಂಪೂರ್ಣ ಮೂಕವಾಗಿದ್ದಿತು. ‘ಟಕ್’ ಕೂಡ ಇಲ್ಲ. ಬ್ಯಾಟರಿ ಸರಿ, ಫ್ಯೂಜು ಸರಿ. ಈ ಬಗೆಯ ಗಾಡಿಗಳಲ್ಲಿ ಅನೇಕವು ಬ್ರೇಕು ಹಿಡಿಯದೆ ಸ್ಟಾರ್ಟಾಗಲಾರವು. ಕೈ ಅಕಸ್ಮಾತ್ತಾಗಿ ಗುಂಡಿಗೆ ತಾಗಿ ಗಾಡಿ ಮುನ್ನುಗ್ಗದಿರಲೆಂದು ತಯಾರಕರು ಇಟ್ಟ ಕಾವಲು ಅದು.

“ಅತ್ತಿಗೆ, ಬ್ರೇಕು ಹಿಡಿದಾಗ ಹಿಂದಿನ ಕೆಂಪು ದೀಪ ಹತ್ತುತ್ತದೆಯೇ, ನೋಡುವಿರಾ?”

“ಹತ್ತುತ್ತದೆ. ಎಡಗೈದೂ ಹತ್ತುತ್ತೆ, ಬಲಗೈದೂ ಹತ್ತುತ್ತೆ.”

ಆ ದೀಪಕ್ಕೂ ಸ್ಟಾರ್ಟಿನ ಕಾವಲಿಗೂ ಸ್ವಿಚ್ಚು ಒಂದೇ ಆದುದರಿಂದ ಬ್ರೇಕಿನ ಕಾವಲು ದೋಷಮುಕ್ತವಾಯಿತು. ಬಲ್ಬನ್ನು ಗುಂಡಿಯ ಒಳಬರುವ ತಂತಿಗೆ ಹಿಡಿದೆ, ಚೆನ್ನಾಗಿ ಉರಿಯಿತು. ಹೊರಹೋಗುವ ತಂತಿಗೆ ಹಿಡಿದು ಗುಂಡಿಯನ್ನೊತ್ತಿದೆ, ಕತ್ತಲೆ. ಅಂದಮೇಲೆ ತಡೆ ಆ ಹೆಬ್ಬೆರಳಗಲದ ಗುಂಡಿಯೊಳಗೇ. ಹ್ಯಾಂಡಲ್ಲಿನ ಮೇಲಣ ಪ್ಲಾಸ್ಟಿಕ್ ಚಿಪ್ಪನ್ನು ಎರಡು ಸ್ಕ್ರೂ ತೆಗೆದು ಬಿಡಿಸಿದಾಗ, ಒಳಗೆ ಸಣ್ಣ ಕರಿಯಿರುವೆಗಳ ಒಂದು ಸಂಸಾರವೇ ಇದ್ದಿತು. ಮಳೆಯಿಂದ ತಪ್ಪಿಸಿಕೊಳ್ಳಲು ಬಂದವು, ಬೆಚ್ಚಗಿನ ಒಣ ಸ್ಥಳವೆಂದು ಮೊಟ್ಟೆಗಳನ್ನೂ ತಂದಿಟ್ಟುಕೊಂಡಿದ್ದವು. ಗುಂಡಿಯೊತ್ತಿದಾಗಲೆಲ್ಲ ಹಿತ್ತಾಳೆಯ ಎರಡು ತುದಿಗಳ ನಡುವೆ ಸಿಕ್ಕಿ ನುಜ್ಜುಗುಜ್ಜಾದವುಗಳ ದೇಹಗಳು ಸೇರಿ ಕರಿಯ ಅಂಟಿನ ಒಂದು ಪದರವಾಗಿ, ಲೋಹವು ಲೋಹವನ್ನು ಮುಟ್ಟದಂತೆ ಮಾಡಿದ್ದವು. ವಿದ್ಯುತ್ ಪೆಟ್ಟಿಗೆಗಳೊಳಗೆ ಇರುವೆ ಸೇರುವುದು ಅಲ್ಲಿ ಹೊಸದಲ್ಲ. 2001ರಲ್ಲಿ ಬ್ರಿಸ್ಬೇನಿನಲ್ಲಿ ಪತ್ತೆಯಾದ ಕೆಂಪು ಬೆಂಕಿಯಿರುವೆಗೂ ಇದೇ ಚಟ, ಅದು ಕಂಡರೆ ಸರಕಾರಕ್ಕೆ ಕೂಡಲೇ ತಿಳಿಸಬೇಕೆಂದು ಅಲ್ಲಿ ಕಾನೂನಿದೆ. ಇವು ಅವಲ್ಲವೆಂದು ನೋಡಿಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೊಡವಿ, ನುಣುಪಾದ ಉಪ್ಪುಕಾಗದವನ್ನು ತುದಿಗಳಿಗೆ ಎಳೆದು, ಚಿಪ್ಪಿನ ಅಂಚಿಗೆ ಸಿಲಿಕೋನ್ ಗ್ರೀಸು ಸವರಿ ಮುಚ್ಚಿದೆವು. ಖರ್ಚು ಏನೂ ಇಲ್ಲ.

ಇಷ್ಟು ಶ್ರಮವೇಕೆ, ಹಳೆಯದನ್ನು ಮಾರಿ ಹೊಸದನ್ನು ಕೊಂಡರಾಗದೇ ಎಂದು ಕೇಳುವವರುಂಟು. ಅವರಿಗೆ ಈಚಿನ ಸ್ಥಿತಿ ತಿಳಿಯದು. ಕ್ವಾಡ್ ಬೈಕುಗಳು ಮಗುಚಿ ಅವುಗಳ ಕೆಳಗೆ ಸಿಕ್ಕಿ ಸತ್ತವರ ಸಂಖ್ಯೆ ಈ ದೇಶದಲ್ಲಿ ಬಹುಕಾಲದಿಂದ ಕಳವಳಕಾರಿಯಾಗಿದ್ದುದರಿಂದ, ಸರಕಾರವು 2019ರಲ್ಲಿ ಸುರಕ್ಷತಾ ನಿಯಮವನ್ನು ತಂದು, 2021ರ ಅಕ್ಟೋಬರ್ 11ರಿಂದ ಕೃಷಿಕಾರ್ಯದ ಹೊಸ ಕ್ವಾಡ್‌ಗಳಿಗೆಲ್ಲ ಸವಾರನನ್ನು ಕಾಯುವ ಚೌಕಟ್ಟು ಇರತಕ್ಕದ್ದೆಂದು ವಿಧಿಸಿತು. ಹೋಂಡಾ, ಯಮಾಹಾ ಮೊದಲಾದ ಪ್ರಮುಖ ತಯಾರಕರು ಅದನ್ನೊಪ್ಪದೆ ಇಲ್ಲಿಯ ಕೃಷಿ ಕ್ವಾಡ್ ಮಾರಾಟದಿಂದ ಹಿಂದೆಗೆದರು. ನಿಯಮವು ನ್ಯಾಯವಾದುದೆಂದೇ ನನ್ನ ಅಭಿಪ್ರಾಯ. ಹಳೆಯ ಗಾಡಿಗೂ ಚೌಕಟ್ಟನ್ನು ಹಾಕಿಸದೆ ಓಡಿಸಬೇಡಿರೆಂದು, ಹದಿನಾರಾಗದ ಮಕ್ಕಳನ್ನು ದೊಡ್ಡವರ ಗಾಡಿಯ ಮೇಲೆ ಕೂರಿಸಲೇಬೇಡಿರೆಂದು ಬಂಧುಗಳಿಗೆಲ್ಲ ಹೇಳುತ್ತ ಬಂದಿದ್ದೇನೆ. ಆದರೆ ತಯಾರಕರು ಹಿಂದೆಗೆದುದರಿಂದಾಗಿ, ಹಳೆಯ ಜಪಾನೀ ಗಾಡಿಯಿದ್ದವರು ಅದನ್ನು ಜೋಪಾನವಾಗಿ ಉಳಿಸಿಕೊಳ್ಳುವಂತಾಯಿತು. ಹಳೆಯದನ್ನು ಉಳಿಸಿಕೊಳ್ಳುವವನು ಅದರ ಮಾತನ್ನು ಕಲಿಯಲೇಬೇಕು.

ಅಡಿಲೇಡಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಬ್ಯಾಟರಿಯ ಆಯುಸ್ಸನ್ನು ತಿನ್ನುವುದು ಚಳಿಯಲ್ಲ, ಬಿಸಿಲು. 2019ರ ಜನವರಿ 24ರಂದು ಈ ನಗರದಲ್ಲಿ 46.6 ಡಿಗ್ರಿ ದಾಖಲಾಯಿತು. ಅಂಥ ದಿನ ತಗಡಿನ ಶೆಡ್ಡಿನೊಳಗೆ ಎಷ್ಟಿದ್ದೀತೆಂದು ಊಹಿಸಿಕೊಳ್ಳಬಹುದು. ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಸೀಸದ ಬ್ಯಾಟರಿಯ ಬಾಳು ಅರೆಯಾಗುತ್ತದೆಂಬುದು ತಿಳಿದವರ ಸ್ಥೂಲವಾದ ಲೆಕ್ಕ. ವಿಶೇಷವೆಂದರೆ ಬೇಸಗೆಯಲ್ಲಿ ಪೆಟ್ಟುತಿಂದ ಬ್ಯಾಟರಿ ಬೇಸಗೆಯಲ್ಲಿ ಕೈಕೊಡುವುದಿಲ್ಲ; ಜೂನ್ ತಿಂಗಳ ಚಳಿಯಲ್ಲಿ, ಎಣ್ಣೆ ಗಟ್ಟಿಯಾಗಿ ಎಂಜಿನು ಹೆಚ್ಚು ಬಲ ಬೇಡಿದ ಬೆಳಗ್ಗೆ, ಅದರ ದೌರ್ಬಲ್ಯ ಹೊರಬೀಳುತ್ತದೆ. ಆಗ ನಿಂತಲ್ಲಿ 12.5 ತೋರಿಸುವ ಬ್ಯಾಟರಿಯೇ ಗುಂಡಿಯೊತ್ತಿದೊಡನೆ ಏಳಕ್ಕೋ ಎಂಟಕ್ಕೋ ಕುಸಿಯುತ್ತದೆ. ಒತ್ತಿದಾಗಲೂ ಒಂಬತ್ತೂವರೆಗಿಂತ ಮೇಲೆ ನಿಲ್ಲದ ಬ್ಯಾಟರಿಯನ್ನು ಚಾರ್ಜು ಮಾಡಿ ನೋಡಿ, ಆಮೇಲೂ ಹಾಗೆಯೇ ಇದ್ದರೆ ಬದಲಾಯಿಸುವುದಲ್ಲದೆ ಬೇರೆ ಉಪಾಯವಿಲ್ಲ.

ನಗರದ ಪೂರ್ವಕ್ಕೆ ಬೆಟ್ಟಗಳ ಮೇಲೆ ಲೆನ್ಸ್‌ವುಡ್ ಎಂಬ ಸೇಬಿನ ಸೀಮೆಯಿದೆ. ಅಲ್ಲಿ ತೋಟವಿಟ್ಟುಕೊಂಡ ದಾವಣಗೆರೆಯ ಮಿತ್ರರೊಬ್ಬರು ಸ್ಟಾರ್ಟರನ್ನು ಎರಡು ಸಲ ಬದಲಾಯಿಸಿ, ಮೂರನೆಯದಕ್ಕೆ ಹಣ ಕಳುಹಿಸುವುದರಲ್ಲಿದ್ದಾಗ ನನ್ನನ್ನು ಕರೆದರು. ಗುಂಡಿಯೊತ್ತಿದರೆ ಅರೆಸುತ್ತು ಬಂದು ‘ಧಡ್’. ನನಗೆ ಸ್ಟಾರ್ಟರಿನ ಮೇಲೆ ಅನುಮಾನ ಬರಲೇ ಇಲ್ಲ. ಪ್ಲಗ್ಗನ್ನು ಬಿಚ್ಚಿದೆವು; ಪ್ಲಗ್ಗು ಒದ್ದೆ. ಕೀಲಿಯನ್ನು ಆರಿಸಿ, ಪ್ಲಗ್ಗಿನ ಟೊಪ್ಪಿಗೆಯನ್ನು ದೂರ ಸರಿಸಿ, ಹಗ್ಗವನ್ನು ಮೆಲ್ಲಗೆ ಎಳೆದಾಗ ಪ್ಲಗ್ಗಿನ ತೂತಿನಿಂದ ಪೆಟ್ರೋಲು ಪಿಚಕಾರಿಯಂತೆ ಚಿಮ್ಮಿತು. ಕಾರ್ಬ್ಯುರೇಟರಿನ ಫ್ಲೋಟ್ ಸೂಜಿ ಸವೆದು ಮುಚ್ಚಿಕೊಳ್ಳದೆ, ಟ್ಯಾಂಕಿನ ಪೆಟ್ರೋಲು ರಾತ್ರಿಯೆಲ್ಲ ಇಳಿದಿಳಿದು ಸಿಲಿಂಡರನ್ನು ತುಂಬಿದ್ದಿತು. ಗಾಳಿಯನ್ನು ಅದುಮಬಹುದು, ದ್ರವವನ್ನು ಅದುಮಲಾಗದು. ಪಿಸ್ಟನ್ನು ಅದಕ್ಕೆ ಬಡಿದು ನಿಲ್ಲುತ್ತಿತ್ತು. ಜಂಪರ್ ಹಾಕಿ ಬಲವಂತ ಮಾಡಿದ್ದರೆ ಕನೆಕ್ಟಿಂಗ್ ರಾಡೇ ಬಾಗುತ್ತಿತ್ತು. ಎಣ್ಣೆಕಡ್ಡಿಯನ್ನೆಳೆದು ಮೂಗಿಗೆ ಹಿಡಿದರೆ ಪೆಟ್ರೋಲಿನ ವಾಸನೆ. ಅಂಥ ಎಣ್ಣೆಯಲ್ಲಿ ಎಂಜಿನ್ ಓಡಿಸಬಾರದೆಂದು ಅದನ್ನು ಬಸಿದು ಹೊಸದನ್ನು ಹಾಕಿಸಿದೆ. ಸೂಜಿಯ ಬೆಲೆ ಸ್ಟಾರ್ಟರಿನ ಬೆಲೆಯ ಒಂದು ಅಲ್ಪಾಂಶ.

ಸ್ಟಾರ್ಟರಿನ ತಪ್ಪಲ್ಲದೆ ಅದರ ತಲೆಗೆ ಬರುವ ಇನ್ನೊಂದು ಅಪವಾದವುಂಟು. ನಮ್ಮ ತೋಟಗಳ ಪಂಪುಮನೆಯಲ್ಲಿ ಲಿಸ್ಟರ್ ಎಂಜಿನ್ನನ್ನು ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದವರಿಗೆ ಡಿಕಂಪ್ರೆಷನ್ ಲಿವರಿನ ಮಹತ್ತ್ವವನ್ನು ಹೇಳಬೇಕಾಗಿಲ್ಲ: ಲಿವರೆತ್ತಿ ವಾಲ್ವನ್ನು ತೆರೆದಿಟ್ಟು, ವೇಗ ಬಂದ ಮೇಲೆ ಬಿಟ್ಟರೆ ಎಂಜಿನು ಹಿಡಿದುಕೊಳ್ಳುತ್ತಿತ್ತು, ಎತ್ತದೆ ತಿರುಗಿಸಲು ಭೀಮನಿಗೂ ಆಗುತ್ತಿರಲಿಲ್ಲ. ಅನೇಕ ಸಣ್ಣ ಎಂಜಿನ್ನುಗಳಲ್ಲಿ ಅದೇ ಕೆಲಸವನ್ನು ಕ್ಯಾಮ್ ದಂಡದ ಮೇಲಣ ಒಂದು ಪುಟ್ಟ ಮೊಳೆಯಂಥ ತುಂಡು ತಾನಾಗಿಯೇ ಮಾಡುತ್ತದೆ. ವಾಲ್ವಿನ ಸಂದು ಸವೆದು ಅಗಲವಾದರೆ ಆ ತುಂಡಿನ ಅಲ್ಪವಾದ ಎತ್ತುವಿಕೆ ವಾಲ್ವನ್ನು ತಲುಪುವುದಿಲ್ಲ. ಆಗ ಸ್ಟಾರ್ಟರು ಪ್ರತಿ ಅದುಮುವಿಕೆಯಲ್ಲಿಯೂ ತಡೆತಡೆದು ನರಳುತ್ತದೆ. ಪ್ಲಗ್ಗು ಬಿಚ್ಚಿದಾಗ ಮೋಟರು ಲೀಲಾಜಾಲವಾಗಿ ತಿರುಗಿ, ಹಾಕಿದಾಗ ನಿಂತರೆ, ಬ್ಯಾಟರಿಯೂ ತಂತಿಯೂ ಸರಿಯಿದ್ದಲ್ಲಿ, ಫೀಲರ್ ಗೇಜನ್ನು ತೆಗೆದುಕೊಂಡು ವಾಲ್ವಿನ ಸಂದನ್ನು ಅಳೆಯುವುದು ಲೇಸು.

ಇಷ್ಟೆಲ್ಲ ಆದಮೇಲೂ ಉತ್ತರ ಸಿಕ್ಕದಿದ್ದರೆ ಮಾತ್ರ ಮೋಟರನ್ನು ಇಳಿಸತಕ್ಕದ್ದು. ಕೆಲವರು ಅದಕ್ಕೂ ಮುನ್ನ ರಿಲೇಯ ಎರಡು ದಪ್ಪ ತುದಿಗಳನ್ನು ಸ್ಕ್ರೂಡ್ರೈವರಿನಿಂದ ಕೂಡಿಸಿ ನೋಡುತ್ತಾರೆ. ಅದು ರಿಲೇಯನ್ನು ಪರೀಕ್ಷಿಸುವ ಹಳೆಯ ಉಪಾಯವೇ ಹೌದು. ಆದರೆ ಕಾವಲಿನ ಸ್ವಿಚ್ಚುಗಳನ್ನೆಲ್ಲ ದಾಟಿಹೋಗುವ ಉಪಾಯ. ಗೇರಿನಲ್ಲಿದ್ದರೆ ಗಾಡಿ ಎಗರುತ್ತದೆ. ಚಾರ್ಜಾಗುತ್ತಿದ್ದ ಬ್ಯಾಟರಿಯ ಜಲಜನಕಕ್ಕೆ ಕಿಡಿ ತಾಗಿದರೆ ಸಿಡಿಯುತ್ತದೆ. ಇದನ್ನು ಮಾಡಲೇಬೇಕಾದರೆ ನ್ಯೂಟ್ರಲಿಗೆ ಹಾಕಿ, ಪಾರ್ಕಿಂಗ್ ಬ್ರೇಕು ಬಿಗಿದು, ಪಕ್ಕದಲ್ಲಿ ನಿಂತು ಮಾತ್ರ ಮಾಡಬೇಕು. ಮೋಟರನ್ನು ಬಿಚ್ಚಿದರೆ ಒಳಗೆ ಕಾಣುವುದು ಸಾಮಾನ್ಯವಾಗಿ ಸವೆದು ಮೋಟಾದ ಕಾರ್ಬನ್ ಬ್ರಷ್ಷು, ಕರಿ ಹಿಡಿದ ಕಮ್ಯುಟೇಟರು, ನೀರು ಹೊಕ್ಕ ತುಕ್ಕು. ಬ್ರಷ್ಷು ಬದಲಾಯಿಸಿ, ಕಮ್ಯುಟೇಟರನ್ನು ಉಜ್ಜಿ, ಅದರ ಪಟ್ಟಿಗಳ ನಡುವಣ ಸಂದುಗಳನ್ನು ಕೆರೆದು ಶುಚಿಮಾಡಿ, ರಬ್ಬರಿನ ಉಂಗುರ ಹೊಸದನ್ನು ಹಾಕಿದರೆ ಹೆಚ್ಚಿನವು ಬದುಕುತ್ತವೆ. ಬರಿದೆ ‘ಝುಯ್’ ಎನ್ನುವ ಗಾಡಿಯದು ಮಾತ್ರ ಬೇರೆ ಕಥೆ. ಅಲ್ಲಿ ಮೋಟರು ಆರೋಗ್ಯವಾಗಿದ್ದು, ಒಂದೇ ಕಡೆಗೆ ಹಿಡಿಯುವ ಒಳಗಿನ ಸ್ಟಾರ್ಟರ್ ಕ್ಲಚ್ಚು ಜಾರುತ್ತಿರುತ್ತದೆ, ಅದಕ್ಕಾಗಿ ಎಂಜಿನ್ನಿನ ಪಕ್ಕದ ಮುಚ್ಚಳವನ್ನೇ ತೆಗೆಯಬೇಕಾಗುತ್ತದೆ.

ಗಾಡಿ ಸ್ಟಾರ್ಟಾದೊಡನೆ ಎಲ್ಲರೂ ಉಪಕರಣಗಳನ್ನು ಎತ್ತಿಡತೊಡಗುತ್ತಾರೆ. ನಾನು ಆಗ ಅವರನ್ನು ತಡೆದು, ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಮೇಲೆ ಮೀಟರನ್ನಿಡಿಸುತ್ತೇನೆ. ಸ್ವಲ್ಪ ರೇಸು ಕೊಟ್ಟಾಗ ಹದಿಮೂರೂವರೆಯಿಂದ ಹದಿನಾಲ್ಕೂವರೆಯೊಳಗೆ ಬರಬೇಕು. ಲೆನ್ಸ್‌ವುಡ್ಡಿನ ಮಿತ್ರರ ಗಾಡಿ ಸೂಜಿ ಬದಲಾಯಿಸಿದ ಮೇಲೆ ಸೊಗಸಾಗಿ ಓಡಿತಾದರೂ ಮೀಟರು 12.3ರಿಂದ ಮೇಲೇಳಲಿಲ್ಲ. ಹುಡುಕುತ್ತ ಹೋದಾಗ, ಎಂಜಿನ್ನಿನೊಳಗಿನ ಸ್ಟೇಟರಿನಿಂದ ರೆಕ್ಟಿಫೈಯರಿಗೆ ಹೋಗುವ ಮೂರು ಹಳದಿ ತಂತಿಗಳ ಕನೆಕ್ಟರು ಬೆಂದು ಕಂದಾಗಿ, ಒಂದು ತಂತಿಯ ತುದಿ ಪ್ಲಾಸ್ಟಿಕ್ಕಿಗೇ ಅಂಟಿಕೊಂಡಿದ್ದಿತು. ಅದನ್ನು ಕತ್ತರಿಸಿ ತೆಗೆದು, ಮೂರನ್ನೂ ಬೆಸುಗೆ ಹಾಕಿ, ಮೇಲೆ ಹೊದಿಕೆ ತೊಡಿಸಿ ಮತ್ತೆ ಚಾಲೂ ಮಾಡಿದಾಗ 14.1. ಮಿತ್ರರು ಮೂರನೆಯ ಸ್ಟಾರ್ಟರಿನ ಆರ್ಡರನ್ನು ಅಲ್ಲಿಯೇ ನಿಂತು ಫೋನಿನಲ್ಲಿ ರದ್ದುಮಾಡಿಸಿ, ಸೇಬಿನ ಪೆಟ್ಟಿಗೆಗಳನ್ನು ಗಾಡಿಗೆ ಹೇರತೊಡಗಿದರು.